ಲೋಕಾಯುಕ್ತ ಕಾಯದೆಯೂ ರಾಮಕೃಷ್ಣ ಹೆಗಡೆಯವರೂ

ಹಳಿಯಾಳದ ರೈತನಾಗಲಿ, ದಾಂಡೇಲಿಯ ಕಾರ್ಮಿಕನಾಗಲಿ, ಜೋಯಿಡಾ ಮುಂಡಗೋಡಗಳ ಕಾಡಂಚಿನ ನಿವಾಸಿಯಾಗಲಿ, ಅಧಿಕಾರಿಯಿಂದ ಅನ್ಯಾಯವಾದಲ್ಲಿ ಇಂದು ಲೋಕಾಯುಕ್ತಕ್ಕೆ ದೂರು ಸಲ್ಲಿಸಬಹುದು. ಈ ಹಕ್ಕನ್ನು ನಾಡಿಗೆ ತಂದಿತ್ತವರು ನಮ್ಮ ಜಿಲ್ಲೆಯವರೇ ಆದ ದಿವಂಗತ ರಾಮಕೃಷ್ಣ ಹೆಗಡೆಯವರೆಂಬುದನ್ನು ವಾಚಕರು ಮರೆಯಲಾಗದು.

ಹೆಗಡೆಯವರು 1926ರಲ್ಲಿ ಸಿದ್ದಾಪುರ ತಾಲೂಕಿನ ದೊಡ್ಮನೆಯಲ್ಲಿ ಜನಿಸಿದರು. ಕಾಶೀ ವಿದ್ಯಾಪೀಠದಲ್ಲಿಯೂ ಲಖನೌದಲ್ಲಿಯೂ ವ್ಯಾಸಂಗ ಮಾಡಿದರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. 1957ರಲ್ಲಿ ವಿಧಾನಸಭೆಯನ್ನು ಪ್ರವೇಶಿಸಿ, ಅನೇಕ ವರ್ಷ ಅರ್ಥಸಚಿವರಾಗಿದ್ದರು. 1975ರ ತುರ್ತುಪರಿಸ್ಥಿತಿಯು ಅವರನ್ನು ಪುನಃ ಬಂಧನಕ್ಕೀಡುಮಾಡಿತು. 1983ರ ಜನವರಿಯಲ್ಲಿ ಅವರು ಕರ್ನಾಟಕದ ಪ್ರಥಮ ಕಾಂಗ್ರೆಸ್ಸೇತರ ಮುಖ್ಯಮಂತ್ರಿಗಳಾದರು.

ಅವರ ಸರಕಾರವು 1984ರಲ್ಲಿ ರಚಿಸಿದ ಲೋಕಾಯುಕ್ತ ಕಾಯದೆಯು ಗುಮಾಸ್ತನನ್ನು ಮಾತ್ರವಲ್ಲದೆ ಮಂತ್ರಿಯನ್ನೂ, ಸ್ವತಃ ಮುಖ್ಯಮಂತ್ರಿಯನ್ನೂ ವಿಚಾರಣೆಗೆ ಒಳಪಡಿಸಿತು. 1986ರ ಜನವರಿಯಲ್ಲಿ ಅದು ಜಾರಿಗೆ ಬಂದು, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ. ಡಿ. ಕೋಶಲರು ಮೊದಲ ಲೋಕಾಯುಕ್ತರಾದರು. ತನ್ನ ಮೇಲೆಯೇ ಕಾವಲುಗಾರನನ್ನು ನೇಮಿಸಿಕೊಳ್ಳುವ ದೊರೆಗಳು ವಿರಳವೆಂದು ನಾವು ಬಲ್ಲೆವು.

ಆದರೆ ವಿಧಿಯ ವೈಚಿತ್ರ್ಯವನ್ನು ನೋಡಿರಿ! ಮರುತಿಂಗಳೇ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟು ಅವರ ಸರಕಾರವನ್ನು ಆಕ್ಷೇಪಿಸಿತು. ಹೆಗಡೆಯವರು ರಾಜೀನಾಮೆಯಿತ್ತು, ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡರು. 1988ರ ಆಗಸ್ಟಿನಲ್ಲಿ ಟೆಲಿಫೋನು ಕದ್ದಾಲಿಕೆಯ ಆಪಾದನೆಯಿಂದ ಪದವಿಯನ್ನೇ ತ್ಯಜಿಸಬೇಕಾಯಿತು. 1990ರಲ್ಲಿ ಭೂವ್ಯವಹಾರವೊಂದರ ಬಗೆಗೆ ಕುಲದೀಪ ಸಿಂಗ್ ಆಯೋಗವು ಪ್ರತಿಕೂಲವಾದ ವರದಿಯಿತ್ತಾಗ ಯೋಜನಾ ಆಯೋಗದ ಉಪಾಧ್ಯಕ್ಷತೆಯನ್ನೂ ಬಿಟ್ಟರು. 2004ರ ಜನವರಿ 12ರಂದು ಅವರು ಕಾಲವಶರಾದರು.

ಈ ಕಲೆಗಳನ್ನು ಮುಚ್ಚಿಡುವುದು ನಮಗೆ ಸಮ್ಮತವಲ್ಲ; ಅವುಗಳ ನೆಪದಿಂದ ಕಾಯದೆಯನ್ನು ಹಳಿಯುವುದೂ ಸಲ್ಲದು. ಕರ್ತೃವಿನ ಗುಣದೋಷಗಳಿಗಿಂತ ಕೃತಿಯು ದೀರ್ಘಾಯುವಾಗಿದೆ. ನಮ್ಮ ಜಿಲ್ಲೆಯ ಬೇಲೇಕೇರಿ ಬಂದರಿನ ಮೂಲಕ ನಡೆದ ಅಕ್ರಮ ಅದಿರು ಸಾಗಾಟವನ್ನು ಬಯಲಿಗೆಳೆದದ್ದು ಲೋಕಾಯುಕ್ತವೇ. ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ 2011ರ ವರದಿಯಿಂದ ಆಗಿನ ಮುಖ್ಯಮಂತ್ರಿಗಳು ಅಧಿಕಾರವನ್ನು ಬಿಡಬೇಕಾಯಿತು. 2016ರಲ್ಲಿ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಹುಟ್ಟಿಸಿ ಸಂಸ್ಥೆಯ ಬಲವನ್ನು ಕುಂದಿಸಿತು. 2022ರಲ್ಲಿ ಹೈಕೋರ್ಟು ಆ ದಳವನ್ನು ರದ್ದುಗೊಳಿಸಿ ಲೋಕಾಯುಕ್ತದ ಪೋಲೀಸು ಅಧಿಕಾರವನ್ನು ಮರಳಿಸಿತು.

ಕಾವಲನ್ನು ಸ್ಥಾಪಿಸಿದವರೂ ಕಾವಲಿಗೆ ಅತೀತರಲ್ಲವೆಂಬುದೇ ಈ ಜೀವಿತದ ಪಾಠವು. ಸರಕಾರಗಳು ಬದಲಾಗುತ್ತಲೇ ಇರುವುವು. ದೂರು ಕೊಡುವ ಧೈರ್ಯವು ಪ್ರಜೆಗಳಲ್ಲಿ ಇಲ್ಲದಿದ್ದರೆ ಎಂತಹ ಕಾಯದೆಯಿದ್ದೂ ಏನು ಪ್ರಯೋಜನ?