ದೊಡ್ಡ ಸ್ವಾಮಿಯವರು: ಅಬ್ಬೆ ದುಬಾಯ್ ಅವರ ಜೀವನ ಚರಿತ್ರೆ

ಭಕ್ತಾದಿಗಳೇ, ನಮ್ಮ ಬೆಟ್ಟಕ್ಕೆ ಬರುವವರಲ್ಲಿ ಬಹಳ ಮಂದಿ ದಾರಿಯಲ್ಲಿ ಪಟ್ಟದಕಲ್ಲು ನೋಡಿಕೊಂಡೇ ಬರ್ತೀರಿ. ಮಲಪ್ರಭೆಯ ದಂಡೆ ಮೇಲೆ ರಾಣಿ ಲೋಕಮಹಾದೇವಿ 8ನೇ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ಗುಡಿ, ಅದರ ಸುತ್ತ ಉತ್ತರದ ಶಿಖರ ದಕ್ಷಿಣದ ಶಿಖರ ಎರಡೂ ಒಂದೇ ಅಂಗಳದಾಗೆ. ಅದನ್ನು ನೋಡಿ ಬಂದವರು ಕಚೇರಿ ಕಿಟಕಿಯಲ್ಲಿ ರಸೀದಿ ಬರೆಸುವಾಗ ಒಂದು ಮಾತು ಕೇಳೋದುಂಟು. ಯೇಸುಸ್ವಾಮಿಯನ್ನು ತಿಳಿಯದ ಆ ಜನರ ಗತಿ ಏನಾಯಿತು, ದೇವರೇ ಅವರ ಕಣ್ಣು ಕಟ್ಟಿದ್ದನೇ ಅಂತ. ಇಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ದೀಕ್ಷಾಸ್ನಾನ ಆಗದವರೂ ಬಹಳ ಇದ್ದಾರೆ. ಅವರೂ ಇದನ್ನೇ ಕೇಳ್ತಾರೆ, ಆದರೆ ದನಿ ಸಣ್ಣ ಮಾಡಿ ಕೇಳ್ತಾರೆ.

ನಾನು ರಸೀದಿ ಬರೆಯುವವ, ದೇವಶಾಸ್ತ್ರ ಓದಿದವನಲ್ಲ. ಆದರೆ ಇದೇ ಪ್ರಶ್ನೆಯನ್ನು ನಮ್ಮ ಕನ್ನಡ ನೆಲದಲ್ಲಿ ವರ್ಷಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ ಒಬ್ಬ ಗುರುಗಳಿದ್ದರು. ಅವರ ಕಥೆ ಹೇಳ್ತೀನಿ.

ಝಾಂ ಆಂತ್ವಾನ್ ದುಬಾಯ್ ಅವರು 1766ರಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದ ಸೇಂ ರೆಮೆಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1792ರಲ್ಲಿ ಗುರುದೀಕ್ಷೆ ಪಡೆದರು. ಅದು ಅಲ್ಲಿ ಕ್ರಾಂತಿಯ ಕಾಲ, ಗುರುಗಳ ತಲೆ ಉಳಿಯೋದೇ ಕಷ್ಟ. ಅದೇ ವರ್ಷ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಕಡೆಯಿಂದ ಹಡಗು ಹತ್ತಿ ಪಾಂಡಿಚೇರಿ ದಾರಿ ಹಿಡಿದರು. ಇಲ್ಲಿಗೆ ಬಂದ ಮೇಲೆ ತಮಿಳು, ತೆಲುಗು, ಕನ್ನಡ ಕಲಿತರು. ಪ್ಯಾಂಟು ಕೋಟು ಬಿಟ್ಟು ನಮ್ಮವರ ಉಡುಪು ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸ ಬಿಟ್ಟು ಊರೂರು ತಿರುಗಿದರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಅದಕ್ಕೂ ಮೊದಲು, 1784ರಲ್ಲಿ, ಕೆನರಾ ಕ್ರೈಸ್ತರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದು, ಬಹಳ ಜನರ ಮತ ಬದಲಿಸಿದ್ದರು. ಆ ಚದುರಿದ ಮಂದೆಯನ್ನು ಕೂಡಿಸಲಿಕ್ಕೆ ಕರೆ ಬಂದದ್ದು ದುಬಾಯ್ ಅವರಿಗೆ. ಸುಮಾರು 1,800 ಮಂದಿಯನ್ನು ಅವರು ಮತ್ತೆ ಸಭೆಗೆ ಸೇರಿಸಿಕೊಂಡರು. ಗಂಜಾಂನಲ್ಲಿ ಅವರ ಹೆಸರಿನಲ್ಲೇ ಕರೆಯುವ ಚರ್ಚು ಈಗಲೂ ಇದೆ, ಮೈಸೂರು ಕಡೆ ಹೋದಾಗ ನೋಡಿ ಬರ್ರಿ. ನೆಲೆ ಇಲ್ಲದವರಿಗಾಗಿ ಹಾಸನದ ಸಮೀಪ ಬೇಸಾಯದ ಊರು ಕಟ್ಟಿಸಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅಂತ ಕರೆದರು.

ಅವರ ಜೀವನದಲ್ಲಿ ನನಗೆ ಬಹಳ ಹಿಡಿಸುವುದು ಸಿಡುಬಿನ ಸಂಗತಿ. ಆಗ ಸಿಡುಬು ಬಂದರೆ ಮನೆಯೇ ಖಾಲಿ. ಬದುಕಿದವರಲ್ಲಿ ಎಷ್ಟೋ ಮಂದಿಗೆ ಕಣ್ಣೇ ಹೋಗುತ್ತಿತ್ತು. ಗೋವಿನ ಸಿಡುಬಿನಿಂದ ಲಸಿಕೆ ಹಾಕುವ ವಿದ್ಯೆ ಇಂಗ್ಲೆಂಡಿನಿಂದ 1802ರಲ್ಲಷ್ಟೇ ನಮ್ಮ ದೇಶಕ್ಕೆ ಬಂದಿತ್ತು. ಜನರಿಗೆ ಭಯ. ಈ ಸ್ವಾಮಿಯವರು ಹಟ್ಟಿ, ಪೇಟೆ, ಕೇರಿ ಅಂತ ತಿರುಗಿ 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿಸಿದರು. ಅದರಲ್ಲಿ ಯಾರು ಕ್ರೈಸ್ತರು ಯಾರು ಅಲ್ಲ ಅಂತ ಲೆಕ್ಕ ಇಟ್ಟಂತೆ ಕಾಣುವುದಿಲ್ಲ. ಎಷ್ಟು ಮಕ್ಕಳ ಕಣ್ಣು ಉಳಿಯಿತೋ ದೇವರೇ ಬಲ್ಲ.

ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ 1806ರಲ್ಲಿ ಮದ್ರಾಸಿಗೆ ಕಳಿಸಿದರು. ಕಂಪನಿ ಸರ್ಕಾರ 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿ ಹೆಸರಾಯಿತು. ಅದರ ದೊಡ್ಡ ಪಾಲು ಅವರಿಗಿಂತ ಮುಂಚೆ ಇದ್ದ ಕೂರ್ದೂ ಎಂಬ ಯೇಸುಸಭೆಯ ಗುರುಗಳ ಬರಹದಿಂದ ಬಂದದ್ದು ಅಂತ 1987ರಲ್ಲಿ ವಿದ್ವಾಂಸರು ತೋರಿಸಿದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ, ಸಂತರಲ್ಲೂ ಸಾಲ ಇರುತ್ತದೆ. ದುಬಾಯ್ ಅವರಂತೂ ಸಂತರೆಂದು ಘೋಷಿತರಾದವರಲ್ಲ.

ಇನ್ನು ಕಷ್ಟದ ಭಾಗಕ್ಕೆ ಬರೋಣ. ವರ್ಷ ಕಳೆದಂತೆ ಸ್ವಾಮಿಯವರ ಮನಸ್ಸು ಕುಗ್ಗುತ್ತಾ ಹೋಯಿತು. ಇಷ್ಟೆಲ್ಲ ವರ್ಷದಲ್ಲಿ, ಒಬ್ಬ ದೇಶೀ ಗುರುವಿನ ನೆರವಿನಿಂದ ತಾವು ಹೊಸದಾಗಿ ಸೇರಿಸಿದ್ದು ಇನ್ನೂರು ಮುನ್ನೂರು ಮಂದಿ ಮಾತ್ರ ಅಂತ ಅವರೇ ಬರೆದರು. ಅದರಲ್ಲೂ ಮೂರರಲ್ಲಿ ಎರಡು ಪಾಲು ದಿಕ್ಕಿಲ್ಲದ ಬಡವರು, ಉಳಿದವರು ಜಾತಿ ಬಿಟ್ಟು ನೆಂಟಸ್ತಿಕೆಗಾಗಿ ಬಂದವರು ಅಂತ ಬೇಸರಪಟ್ಟರು. ಟಿಪ್ಪುವಿನ ಕಾಲದಲ್ಲಿ ಸೆರೆಯಾದವರು ಎದೆಗೊಟ್ಟು ನಿಲ್ಲಲಿಲ್ಲವಲ್ಲ ಎಂಬ ಕೊರಗೂ ಅವರಿಗಿತ್ತು. (ಕತ್ತಿ ಕಂಡವರಿಗೇ ಗೊತ್ತು ಕತ್ತಿಯ ಕಷ್ಟ. ಕುರ್ಚಿ ಮೇಲೆ ಕುಂತು ಅಳೆಯೋದು ಸುಲಭ ನೋಡ್ರಿ.) ಬಿಳಿಯರ ಕುಡಿತ, ದರ್ಪ ನೋಡಿ ಜನ ಶುಭಸಂದೇಶಕ್ಕೇ ಹೇಸುತ್ತಾರೆ ಅಂತಲೂ ಅವರು ಮುಚ್ಚುಮರೆ ಇಲ್ಲದೆ ಹೇಳಿದರು. ಈ ಮಾತನ್ನು ಯಾರೂ ಅಲ್ಲಗಳೆಯಲಾರರು.

1823ರ ಜನವರಿ 15ರಂದು ಅವರು ಇಂಡಿಯಾ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಬಂತು. ಈಗಿನ ಸ್ಥಿತಿಯಲ್ಲಿ ಹಿಂದೂಗಳು ಕ್ರೈಸ್ತರಾಗುವುದು ಮನುಷ್ಯ ಪ್ರಯತ್ನಕ್ಕೆ ಸಾಧ್ಯವಿಲ್ಲ ಅಂತ ಅದರಲ್ಲಿ ಬರೆದರು. ಅಲ್ಲಿಗೇ ನಿಲ್ಲಲಿಲ್ಲ. ಮೇಲಿಂದ ಮೇಲೆ ಬಂದ ದೇವರ ಕರೆಯನ್ನು ಈ ಜನ ತಳ್ಳಿದ್ದರಿಂದ ದೇವರ ತೀರ್ಪಿಗೆ ಗುರಿಯಾಗಿದ್ದಾರೆ, ತೀರದ ಶಾಪದ ಕೆಳಗೆ ಕುರುಡರಾಗಿ ಉಳಿದಿದ್ದಾರೆ ಎಂಬ ಅರ್ಥದ ಮಾತು ಬರೆದರು.

ಇದನ್ನು ಓದಿದಾಗ ನನಗೆ ಸಂತ ಪೌಲರ ನೆನಪಾಯಿತು. ಪ್ರೇಷಿತರ ಕಾರ್ಯಕಲಾಪಗಳ 13ನೇ ಅಧ್ಯಾಯ ತೆಗೆದು ನೋಡ್ರಿ. ಪೌಲ ಮತ್ತು ಬಾರ್ನಬ ತಮ್ಮ ಮೊದಲ ಯಾತ್ರೆಯಲ್ಲಿ ಸೈಪ್ರಸ್ ದ್ವೀಪದ ಪಾಫೋಸ್ ಪಟ್ಟಣಕ್ಕೆ ಹೋಗುತ್ತಾರೆ. ಅಧಿಪತಿ ಸೆರ್ಗಿಯ ಪೌಲ ದೇವರ ವಾಕ್ಯ ಕೇಳಬೇಕೆಂದಾಗ ಎಲಿಮ ಎಂಬ ಮಾಟಗಾರ ಅಡ್ಡ ಬರುತ್ತಾನೆ. ದೇವರ ಕೈ ಅವನ ಮೇಲೆ ಬಿದ್ದು ಕಣ್ಣು ಮಂಜಾಗಿ, ಯಾರಾದರೂ ಕೈ ಹಿಡಿಯಿರೆಂದು ತಡವುತ್ತಾನೆ. ಘೋರ ತೀರ್ಪೇ ಸರಿ. ಆದರೆ ಆ ತೀರ್ಪು ಹೇಳುವಾಗ ಪೌಲರು ಅದಕ್ಕೆ ಅವಧಿ ಹಾಕುತ್ತಾರೆ, ಸ್ವಲ್ಪ ಕಾಲದ ಮಟ್ಟಿಗೆ ಅಂತ. ಯಾಕೆಂದರೆ ದಮಸ್ಕದ ದಾರಿಯಲ್ಲಿ ಪೌಲರೇ ಮೂರು ದಿನ ಕುರುಡರಾಗಿದ್ದರು, ಅವರನ್ನೂ ಜನ ಕೈ ಹಿಡಿದೇ ಊರೊಳಗೆ ಕರೆದುಕೊಂಡು ಹೋಗಿದ್ದರು. ಅನನೀಯ ಬಂದು ಕೈ ಇಟ್ಟ ಮೇಲೆ ಕಣ್ಣಿನ ಪೊರೆ ಬಿತ್ತು. ಕತ್ತಲೆ ಕಂಡವರು ಕತ್ತಲೆಗೆ ಕೊನೆ ಇಡುತ್ತಾರೆ. ನಮ್ಮ ದೊಡ್ಡ ಸ್ವಾಮಿಯವರು ಆ ಅವಧಿಯ ಮಾತನ್ನು ಮರೆತರೋ ಏನೋ. ದಣಿದ ಮನುಷ್ಯ ತನ್ನ ದಣಿವನ್ನೇ ದೇವರ ತೀರ್ಪು ಅಂತ ಓದಿಕೊಂಡರು ಎಂದು ನನ್ನ ಅನಿಸಿಕೆ. ಗುರುಗಳು ತಪ್ಪೆಂದರೆ ತಿದ್ದಿಕೊಳ್ಳುತ್ತೇನೆ.

ಪುಸ್ತಕಕ್ಕೆ ಮರುವರ್ಷವೇ, 1824ರಲ್ಲಿ, ಜೇಮ್ಸ್ ಹಾಫ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ಉತ್ತರ ಬರೆದರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನಮ್ಮ ಪಟ್ಟದಕಲ್ಲಿನ ಮಗ್ಗುಲ ಗುಳೇದಗುಡ್ಡಕ್ಕೇ ಬಂದರು. ದುಬಾಯ್ ಅವರ ಸ್ವಂತ ಸಂಸ್ಥೆಯೂ ಮೈಸೂರು ಸೀಮೆಯನ್ನು ಕೈಬಿಡಲಿಲ್ಲ.

ಪ್ಯಾರಿಸ್ಸಿನಲ್ಲಿ ಸ್ವಾಮಿಯವರು ಸುಮ್ಮನೆ ಕೂಡಲಿಲ್ಲ. 1826ರಲ್ಲಿ ನಮ್ಮ ಪಂಚತಂತ್ರದ ಕಥೆಗಳನ್ನು ತಮಿಳು, ತೆಲುಗು, ಕನ್ನಡದ ಪ್ರತಿಗಳಿಂದ ಫ್ರೆಂಚಿಗೆ ತಂದು ಅಚ್ಚು ಹಾಕಿಸಿದರು. ಶಾಪಗ್ರಸ್ತರು ಅಂತ ಬರೆದ ಜನರ ಕಥೆಗಳನ್ನೇ ತಮ್ಮ ಊರಿನವರಿಗೆ ಓದಿಸಬೇಕು ಅಂತ ಅವರಿಗೆ ಅನ್ನಿಸಿತಲ್ಲ! 1836ರಿಂದ 1839ರವರೆಗೆ ತಮ್ಮ ಸಂಸ್ಥೆಯ ಮುಖ್ಯಸ್ಥರಾಗಿದ್ದು, ಹೊಸ ಹುಡುಗರನ್ನು ಪೂರ್ವ ದೇಶಗಳಿಗೆ ಕಳಿಸುವ ಮನೆಯ ಜವಾಬ್ದಾರಿ ಹೊತ್ತರು. 1848ರ ಫೆಬ್ರವರಿ 17ರಂದು, 82ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.