ಬಣ್ಣದ ಮುಂದೆ ನಿಂತವನು

ವಿಜ್ಞಾನ ಓದುವ ಗೆಳೆಯರೆಲ್ಲ ಇದನ್ನು ಮಾಡಿಯೇ ಇರುತ್ತೀರಿ. ಪೊಟ್ಯಾಸಿಯಂ ಬ್ರೋಮೈಡ್ ದ್ರಾವಣಕ್ಕೆ ಕ್ಲೋರಿನ್ ನೀರು ಹನಿಸಿದರೆ ಸಾಕು, ಬಣ್ಣವಿಲ್ಲದ್ದು ಕಿತ್ತಳೆಯಾಗುತ್ತೆ. ರೆಕಾರ್ಡಿನಲ್ಲಿ ಒಂದು ಸಾಲು ಬರೆದು, ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಓಡುತ್ತೇವೆ. ಆ ಬಣ್ಣದ ಮುಂದೆ ಓಡದೆ ನಿಂತುಬಿಟ್ಟವನ ಕಥೆ ಇದು.

ಆಂಟ್ವಾನ್ ಜೆರೋಮ್ ಬಲಾರ್ ಹುಟ್ಟಿದ್ದು 1802ರಲ್ಲಿ, ದಕ್ಷಿಣ ಫ್ರಾನ್ಸಿನ ಮಾನ್‌ಪೆಲಿಯೆಯಲ್ಲಿ. ಮನೆಯಲ್ಲಿ ಅನುಕೂಲವಿರಲಿಲ್ಲ, ಧರ್ಮತಾಯಿ ಓದಿಸಿದಳು. ಔಷಧಶಾಸ್ತ್ರ ಕಲಿತು, ಕಾಲೇಜಿನ ಪ್ರಯೋಗಶಾಲೆಯಲ್ಲಿ ಸಹಾಯಕನಾದ. ಹತ್ತಿರದಲ್ಲೇ ಮೆಡಿಟರೇನಿಯನ್ ಕಡಲು, ದಡದಲ್ಲಿ ಉಪ್ಪಿನ ಗದ್ದೆಗಳು.

ಸಮುದ್ರದ ಪಾಚಿಯಲ್ಲಿ ಅಯೊಡಿನ್ ಹುಡುಕುತ್ತ, ಅದರ ಬೂದಿಯ ನೀರಿಗೆ ಗಂಜಿ ಬೆರೆಸಿ ಕ್ಲೋರಿನ್ ನೀರು ಹಾಕಿದ. ಕೆಳಗೆ ನೀಲಿ ಪದರ. ಅದು ಅಯೊಡಿನ್, ಸರಿ. ಆದರೆ ಮೇಲೊಂದು ಕಿತ್ತಳೆ ಪದರ! ಉಪ್ಪು ತೆಗೆದ ಮೇಲೆ ಗದ್ದೆಯಲ್ಲಿ ಉಳಿಯುವ ಕಹಿನೀರಿಗೆ ಕ್ಲೋರಿನ್ ಹಾಯಿಸಿದಾಗಲೂ ಅದೇ ಬಣ್ಣ. ಕೊನೆಗೆ ಕೈಗೆ ಸಿಕ್ಕಿದ್ದು ಗಬ್ಬು ವಾಸನೆಯ ಕಡುಗೆಂಪು ದ್ರವ.

ಕ್ಲೋರಿನ್ ಮತ್ತು ಅಯೊಡಿನ್ ಕೂಡಿ ಆಗಿರಬಹುದೇ ಎಂದು ಅವನಿಗೂ ಅನುಮಾನ ಬಂತು. ಒಡೆಯಲು ಏನೆಲ್ಲ ಮಾಡಿದರೂ ಒಡೆಯಲಿಲ್ಲ. ಹಾಗಾದರೆ ಇದು ಹೊಸ ಮೂಲವಸ್ತು! ಎಲೆಕ್ಟ್ರಾನುಗಳನ್ನು ಸೆಳೆಯುವ ಶಕ್ತಿ ಬ್ರೋಮಿನ್ನಿಗಿಂತ ಕ್ಲೋರಿನ್ನಿಗೆ ಹೆಚ್ಚು; ಹಾಗಾಗಿ ಲವಣದಲ್ಲಿ ತಾನು ಕೂತು ಅದನ್ನು ಹೊರಗೆ ತಳ್ಳುತ್ತದೆ ಎಂದು ಇವತ್ತು ನಾವು ಸಲೀಸಾಗಿ ಬರೆಯುತ್ತೇವೆ. ಎಲೆಕ್ಟ್ರಾನ್ ಪತ್ತೆಯಾದದ್ದೇ 1897ರಲ್ಲಿ. ಬಲಾರನ ಬಳಿ ಇದ್ದದ್ದು ಕಣ್ಣು ಮತ್ತು ತಾಳ್ಮೆ, ಅಷ್ಟೇ.

1826ರಲ್ಲಿ ಅವನು ವಿಷಯ ಪ್ರಕಟಿಸಿದ. ಅವನಿಟ್ಟ ಹೆಸರು ಮ್ಯುರಿಡ್. ಪ್ಯಾರಿಸ್ಸಿನ ಪಂಡಿತರು ಅದನ್ನು ಬದಲಾಯಿಸಿ, ಗ್ರೀಕ್ ಭಾಷೆಯ ದುರ್ವಾಸನೆಯ ಪದದಿಂದ ಬ್ರೋಮ್ ಎಂದರು.

ಇದೇ ದ್ರವ ಇನ್ನಿಬ್ಬರ ಕೈಗೂ ಬಂದಿತ್ತು. ಜರ್ಮನಿಯ ವಿದ್ಯಾರ್ಥಿ ಲೋವಿಗ್ 1825ರಲ್ಲೇ ಬುಗ್ಗೆಯ ಉಪ್ಪುನೀರಿನಿಂದ ತೆಗೆದಿದ್ದ. ಇನ್ನಷ್ಟು ತಯಾರಿಸಿಕೊಂಡು ಬಾ ಅಂದರು ಗುರುಗಳು, ಅಷ್ಟರಲ್ಲಿ ಪರೀಕ್ಷೆ ಬಂತು, ತಡವಾಯಿತು. ಮಹಾಪಂಡಿತ ಲೀಬಿಗ್‌ನಂತೂ ಅಯೊಡಿನ್ ಕ್ಲೋರೈಡ್ ಎಂದುಕೊಂಡು ಸುಮ್ಮನಾಗಿದ್ದ. ಬಲಾರನ ಸುದ್ದಿ ಬಂದ ಮೇಲೆ ಆ ಸೀಸೆಯನ್ನು ತನ್ನ ತಪ್ಪುಗಳ ಕಪಾಟಿನಲ್ಲಿಟ್ಟನಂತೆ. ದೊಡ್ಡ ಮನಸ್ಸೇ!

ಬಲಾರ್ ಮುಂದೆ ಪ್ಯಾರಿಸ್ಸಿನಲ್ಲಿ ಪ್ರಾಧ್ಯಾಪಕನಾದ. ಊರು ಬಿಟ್ಟು ದೂರದ ಶಾಲೆಗೆ ಮಾಸ್ತರನಾಗಿ ಹೋಗಬೇಕಿದ್ದ ಯುವಕ ಪಾಶ್ಚರನನ್ನು ತನ್ನ ಪ್ರಯೋಗಶಾಲೆಯಲ್ಲೇ ಉಳಿಸಿಕೊಂಡ. ಸಮುದ್ರದ ನೀರಿನಿಂದ ಲವಣಗಳನ್ನು ಅಗ್ಗವಾಗಿ ತೆಗೆಯಲು ವರ್ಷಗಟ್ಟಲೆ ದುಡಿದ. ಜರ್ಮನಿಯ ಗಣಿಗಳಲ್ಲಿ ಪೊಟ್ಯಾಷ್ ಸಿಕ್ಕಿ ಆ ಶ್ರಮಕ್ಕೆ ಬೆಲೆ ಸಿಗದೇ ಹೋಯಿತು. 1876ರಲ್ಲಿ ತೀರಿಕೊಂಡ.

ಮುಂದಿನ ಸಲ ಪ್ರನಾಳದಲ್ಲಿ ಕಿತ್ತಳೆ ಬಣ್ಣ ಕಂಡಾಗ ಒಂದು ನಿಮಿಷ ನಿಲ್ಲಿ. ಕ್ಯಾಂಟೀನು ಎಲ್ಲಿಗೂ ಹೋಗಲ್ಲ.