ಜಾರ್ಜ್ ಪೆರೆಸ್ ಸ್ಯಾಂಡರ್ಸನ್

ಜಾರ್ಜ್ ಪೆರೆಸ್ ಸ್ಯಾಂಡರ್ಸನ್ (1848–1892) ಮೈಸೂರು ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಬ್ರಿಟಿಷ್ ಅಧಿಕಾರಿ, ಬೇಟೆಗಾರ ಹಾಗೂ ಲೇಖಕ. ಮೈಸೂರಿನಲ್ಲಿ ಖೆಡ್ಡಾ ಪದ್ಧತಿಯಿಂದ ಕಾಡಾನೆಗಳ ಹಿಂಡನ್ನು ಸೆರೆಹಿಡಿಯುವ ಕಾರ್ಯದಲ್ಲಿ ಮೊದಲು ಯಶಸ್ಸು ಕಂಡವರು ಇವರು. ಬೇಟೆಗಾರರು ತಮ್ಮ ತೋಟಾಗಳನ್ನು ಕೈಯಿಂದಲೇ ತುಂಬಿಕೊಳ್ಳುತ್ತಿದ್ದ ಆ ಕಾಲದಲ್ಲಿ, ಯಾವ ಪ್ರಾಣಿಗೆ ಎಂಥ ಗುಂಡು, ಎಷ್ಟು ಮದ್ದು ಬೇಕೆಂಬುದನ್ನೂ ಇವರು ಸ್ವಾನುಭವದಿಂದ ದಾಖಲಿಸಿದ್ದಾರೆ.

ಜನನ ಮತ್ತು ಬಾಲ್ಯ

ಸ್ಯಾಂಡರ್ಸನ್ ಭಾರತದಲ್ಲಿಯೇ ಜನಿಸಿದರು. ತಂದೆ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಪಂಥದ ಪಾದ್ರಿ. ವಿಲಿಯಂ ರೀವ್ ರಚಿಸಿದ ಕನ್ನಡ–ಇಂಗ್ಲಿಷ್ ನಿಘಂಟನ್ನು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದವರು. ಬಾಲ್ಯ ಮತ್ತು ವಿದ್ಯಾಭ್ಯಾಸವನ್ನು ಇಂಗ್ಲೆಂಡಿನಲ್ಲಿ ಕಳೆದ ಸ್ಯಾಂಡರ್ಸನ್ 1864ರಲ್ಲಿ ಮೈಸೂರಿಗೆ ಮರಳಿದರು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಕನ್ನಡವನ್ನು ಚೆನ್ನಾಗಿ ಕಲಿತು, ನೀರಾವರಿ ನಾಲೆಗಳ ಮೇಲ್ವಿಚಾರಣೆಯ ಹುದ್ದೆಯನ್ನು ನಿರ್ವಹಿಸಿದರು. ಈ ಕೆಲಸದ ನಿಮಿತ್ತ ಕೈಗೊಂಡ ಸಂಚಾರವೇ ಅವರಿಗೆ ಕಾಡಿನ ಹಾಗೂ ಕಾಡಿನ ಜನರ ಪರಿಚಯ ಮಾಡಿಸಿತು.

ಬೇಟೆ ಮತ್ತು ತೋಟಾ

ಹಿಂಬದಿಯಿಂದ ತೋಟಾ ಹಾಕುವ ಕೋವಿಗಳು ಬಳಕೆಗೆ ಬಂದಿದ್ದ ಕಾಲವದು. ಅಡಿಯ ನಡುವೆ ಕೇಪು ಕೂರಿಸಿದ ಹಿತ್ತಾಳೆ ಅಥವಾ ಕಾಗದದ ಕೊಳವೆಗೆ ಕರಿಮದ್ದನ್ನು ಅಳೆದು ಸುರಿದು, ಬಿರಡೆ ಒತ್ತಿ, ಅದರ ಮೇಲೆ ಗುಂಡನ್ನು ಕೂರಿಸಿದರೆ ತೋಟಾ ಸಿದ್ಧವಾಗುತ್ತಿತ್ತು. ಗುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಶುದ್ಧ ಸೀಸ ಮೃದುವಾಗಿರುವುದರಿಂದ ಎಲುಬಿಗೆ ತಾಗಿದೊಡನೆ ಚಪ್ಪಟೆಯಾಗುತ್ತದೆ. ಆದ್ದರಿಂದ ದೊಡ್ಡ ಪ್ರಾಣಿಗಳಿಗಾಗಿ ಸೀಸಕ್ಕೆ ತವರ ಅಥವಾ ಪಾದರಸ ಬೆರೆಸಿ ಗಡುಸುಗೊಳಿಸುವ ರೂಢಿಯಿತ್ತು. ಕರಿಮದ್ದು ತೇವವನ್ನು ಹೀರಿಕೊಳ್ಳುತ್ತದೆ; ಕಾಗದದ ತೋಟಾ ಮಳೆಗಾಲದಲ್ಲಿ ಉಬ್ಬಿ ನಳಿಗೆಯಲ್ಲಿ ಸಿಲುಕುವುದುಂಟು. ಹೀಗಾಗಿ ತೋಟಾ ತುಂಬುವಲ್ಲಿನ ಅಜಾಗ್ರತೆ ಬೇಟೆಗಾರನ ಪ್ರಾಣಕ್ಕೇ ಎರವಾಗಬಹುದಿತ್ತು.

ಕೋವಿಯ ಗಾತ್ರವನ್ನು ಒಂದು ಪೌಂಡ್ ಸೀಸದಿಂದ ಆಗುವ ಗುಂಡುಗಳ ಸಂಖ್ಯೆಯಿಂದ ಹೇಳುತ್ತಿದ್ದರು. 12ನೇ ನಂಬರಿನ ಗುಂಡು ಸುಮಾರು 38 ಗ್ರಾಂ ತೂಗಿದರೆ, 4ನೇ ನಂಬರಿನ ಗುಂಡು ಸುಮಾರು 113 ಗ್ರಾಂ ತೂಗುತ್ತದೆ. ಸ್ಯಾಂಡರ್ಸನ್ ಆನೆ ಬೇಟೆಯನ್ನು ಆರಂಭಿಸಿದ್ದು 12ನೇ ನಂಬರಿನ ಕೋವಿಯಿಂದ. ಗಡುಸು ಗುಂಡಿಗೆ 6 ಡ್ರಾಮ್ (ಸುಮಾರು 10.6 ಗ್ರಾಂ) ಮದ್ದು ತುಂಬಿದರೂ ಅದು ಸಾಲದೆಂದು ಅವರಿಗೆ ಮನವರಿಕೆಯಾಯಿತು. ಆನೆಯ ಮಿದುಳು ತಲೆಯ ಹಿಂಭಾಗದಲ್ಲಿ, ಜೇನುಹುಟ್ಟಿನಂಥ ದಪ್ಪ ಎಲುಬಿನ ಆಚೆಗಿದೆ. ಅಲ್ಲಿಗೆ ತಲುಪದ ಗುಂಡು ಆನೆಯನ್ನು ಕೊಲ್ಲದೆ ಗಾಯಗೊಳಿಸಿ ಬಿಡುತ್ತದೆ. ಅನಂತರ ಅವರು 4ನೇ ನಂಬರಿನ ಭಾರಿ ಕೋವಿಗೆ ಬದಲಾಯಿಸಿಕೊಂಡು, ಮೊದಲು 10, ಬಳಿಕ 12 ಡ್ರಾಮ್ ಮದ್ದನ್ನು ಬಳಸಿದರು.

ಅದೇ ಕಾಲದಲ್ಲಿ ಎಕ್ಸ್‌ಪ್ರೆಸ್ ಎಂಬ ಸಣ್ಣ ನಳಿಗೆಯ ರೈಫಲುಗಳು ಜನಪ್ರಿಯವಾಗುತ್ತಿದ್ದವು. ಇವುಗಳಲ್ಲಿ .450 ಅಂಗುಲದ (11.4 ಮಿ.ಮೀ.) ನಳಿಗೆ ಪ್ರಸಿದ್ಧವಾಗಿತ್ತು. ಹಗುರವಾದ ಗುಂಡಿಗೆ ಹೆಚ್ಚು ಮದ್ದು ತುಂಬುವುದರಿಂದ ಅದು ವೇಗವಾಗಿ, ನೇರವಾಗಿ ಸಾಗುತ್ತಿತ್ತು. ಮುಂಭಾಗ ಟೊಳ್ಳಾಗಿದ್ದ ಈ ಗುಂಡು ದೇಹದೊಳಗೆ ಅರಳುತ್ತಿದ್ದುದರಿಂದ ಜಿಂಕೆಯಂಥ ತೆಳುಚರ್ಮದ ಪ್ರಾಣಿಗಳಿಗೆ ಯೋಗ್ಯವಾಗಿತ್ತು. ಆದರೆ ಆಳಕ್ಕೆ ಇಳಿಯುತ್ತಿರಲಿಲ್ಲ. ಆನೆ ಮತ್ತು ಕಾಡುಕೋಣಗಳಿಗೆ ಭಾರಿ ಕೋವಿಯೇ ಬೇಕೆಂಬುದು ಸ್ಯಾಂಡರ್ಸನ್ನರ ಅಭಿಪ್ರಾಯವಾಗಿತ್ತು.

ಖೆಡ್ಡಾ

ಮೈಸೂರು ಸೀಮೆಯಲ್ಲಿ ಆನೆಗಳನ್ನು ಗುಂಡಿ ತೋಡಿ ಕೆಡವಿ ಹಿಡಿಯುವ ರೂಢಿಯಿತ್ತು. ಬಿದ್ದ ರಭಸಕ್ಕೆ ಅನೇಕ ಆನೆಗಳು ಅಂಗಹೀನವಾಗುತ್ತಿದ್ದವು, ಇಲ್ಲವೇ ಸಾಯುತ್ತಿದ್ದವು. ಹಿಂಡನ್ನೇ ಕಂದಕ ಮತ್ತು ಬೇಲಿಗಳಿಂದ ಸುತ್ತುವರಿದ ಆವರಣಕ್ಕೆ ಅಟ್ಟುವ ಯೋಜನೆಯನ್ನು ಸ್ಯಾಂಡರ್ಸನ್ ಸರ್ಕಾರದ ಮುಂದಿಟ್ಟರು. ಹಿಂದೆ ಹೈದರ್ ಅಲಿ ಇಂಥ ಪ್ರಯತ್ನ ನಡೆಸಿ ವಿಫಲನಾಗಿದ್ದುದರಿಂದ ಇದು ಅಸಾಧ್ಯವೆಂಬ ನಂಬಿಕೆ ಬಲವಾಗಿತ್ತು. 1874ರಲ್ಲಿ ಚಾಮರಾಜನಗರದ ಸಮೀಪ ನಡೆದ ಖೆಡ್ಡಾದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳು ಸೆರೆಯಾದವು. ಮುಂದೆ ಕೆಲಕಾಲ ಬಂಗಾಳ ಸರ್ಕಾರದ ಆನೆ ಹಿಡಿಯುವ ಇಲಾಖೆಯಲ್ಲಿ ದುಡಿದ ಸ್ಯಾಂಡರ್ಸನ್, ಮೈಸೂರಿಗೆ ಮರಳಿ ಈ ಕಾರ್ಯವನ್ನು ಮುಂದುವರಿಸಿದರು. 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗ ಖೆಡ್ಡಾ ಏರ್ಪಡಿಸಿದವರೂ ಇವರೇ.

ಕೃತಿ ಮತ್ತು ವಿಚಾರಗಳು

ಇವರ 'ಥರ್ಟೀನ್ ಇಯರ್ಸ್ ಅಮಾಂಗ್ ದ ವೈಲ್ಡ್ ಬೀಸ್ಟ್ಸ್ ಆಫ್ ಇಂಡಿಯಾ' ಎಂಬ ಗ್ರಂಥ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಆನೆಯ ಸ್ವಭಾವ, ಆಹಾರ, ಪಳಗಿಸುವ ಕ್ರಮ, ಕೋವಿ ಮತ್ತು ತೋಟಾಗಳ ಆಯ್ಕೆ ಇವೆಲ್ಲ ಅದರಲ್ಲಿವೆ. ಹುಲಿಗಳ ತಲೆಗೆ ಸರ್ಕಾರ ಬಹುಮಾನ ಕೊಡುತ್ತಿದ್ದ ಆ ದಿನಗಳಲ್ಲಿ, ಹುಲಿ ಕೇವಲ ಕೇಡಿನ ಪ್ರಾಣಿಯಲ್ಲ, ಬೆಳೆ ನಾಶಮಾಡುವ ಹಂದಿ ಮತ್ತು ಜಿಂಕೆಗಳನ್ನು ಹತೋಟಿಯಲ್ಲಿಡುತ್ತದೆ ಎಂದು ವಾದಿಸಿದ್ದು ಗಮನಾರ್ಹ. ಆದರೂ ಇವರು ಬೇಟೆಯನ್ನು ತೊರೆದವರಲ್ಲ. ಸೆರೆಯಾದ ಆನೆಗಳಲ್ಲಿಯೂ ಕೆಲವು ಹಗ್ಗದ ಗಾಯ ಮತ್ತು ರೋಗಗಳಿಂದ ಸಾಯುತ್ತಿದ್ದವು.

ನಿಧನ ಮತ್ತು ಪರಿಣಾಮ

ಸ್ಯಾಂಡರ್ಸನ್ 1892ರಲ್ಲಿ ಮದರಾಸಿನಲ್ಲಿ ನಿಧನರಾದರು. ರುಡ್ಯಾರ್ಡ್ ಕಿಪ್ಲಿಂಗನ 'ದ ಜಂಗಲ್ ಬುಕ್' (1894) ಕೃತಿಯಲ್ಲಿ ಬರುವ ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಇವರೇ ಪ್ರೇರಣೆಯೆಂದು ಭಾವಿಸಲಾಗಿದೆ. ಇವರು ರೂಢಿಗೆ ತಂದ ಖೆಡ್ಡಾ ಮೈಸೂರು ಅರಸರ ಕಾಲದಲ್ಲಿ ಕಾಕನಕೋಟೆಯಲ್ಲಿ ವಿಶ್ವವಿಖ್ಯಾತವಾಯಿತು. ಅಲ್ಲಿಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರುವರ್ಷ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ದೇಶದಲ್ಲಿ ಹವ್ಯಾಸಿ ಬೇಟೆಯ ಯುಗವನ್ನು ಅಂತ್ಯಗೊಳಿಸಿತು.